ಲಾಕ್‌ಡೌನ್ ಕಾಲದ ಮನೆಲೆಕ್ಕ: ನಿಮ್ಮ ಊರಿನ ಅನುಭವವನ್ನು ದಾಖಲಿಸುವ ಬಗೆ

2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿಯವರು ಘೋಷಿಸಿದ 21 ದಿನಗಳ ಲಾಕ್‌ಡೌನ್ ನಾಲ್ಕೇ ಗಂಟೆಗಳಲ್ಲಿ ದೇಶದಾದ್ಯಂತ ಜಾರಿಗೆ ಬಂತು. ಎಪ್ರಿಲ್ 14ಕ್ಕೆ ಮುಗಿಯಬೇಕಾಗಿದ್ದ ಅದು ಮೇ 3ರವರೆಗೆ, ಆಮೇಲೆ ಮೇ 17ರವರೆಗೆ, ಮತ್ತೂ ಮೇ 31ರವರೆಗೆ ಮುಂದುವರಿಯಿತು. ಮರುವರ್ಷ ಎರಡನೆಯ ಅಲೆ ಎದ್ದಾಗ ಕರ್ನಾಟಕ ಸರಕಾರ ಎಪ್ರಿಲ್ 27ರಿಂದ ಇನ್ನೊಮ್ಮೆ ಬಾಗಿಲು ಹಾಕಿಸಿತು. ಈ ಎರಡು ಅವಧಿಗಳ ಬಗ್ಗೆ ದಿಲ್ಲಿಯಿಂದಲೂ ಜಿನೀವಾ, ವಾಷಿಂಗ್ಟನ್‌ಗಳಿಂದಲೂ ದಪ್ಪ ದಪ್ಪ ವರದಿಗಳು ಬಂದಿವೆ. ಆದರೆ ಉಳ್ಳಾಲದ ಬೀಡಿ ಕಟ್ಟುವ ಮನೆಯೊಂದರಲ್ಲಿ, ಮಲ್ಪೆಯ ಬೋಟೊಂದರಲ್ಲಿ, ಕಾರ್ಕಳದ ಸರ್ವಿಸ್ ಬಸ್ಸಿನ ಕಂಡಕ್ಟರರೊಬ್ಬರ ಸಂಸಾರದಲ್ಲಿ ಆ ವಾರಗಳಲ್ಲಿ ಏನೇನು ನಡೆಯಿತು ಎಂಬುದು ಬಹುಪಾಲು ಬರಹಕ್ಕೆ ಇಳಿದಿಲ್ಲ.

ಅದನ್ನು ಬರಹಕ್ಕಿಳಿಸಲು ಹೊರಡುವವರಿಗಾಗಿ ಈ ಲೇಖನ. ಯೋಜನಾ ವರದಿ ಬರೆಯಬೇಕಾದ ಕಾಲೇಜು ವಿದ್ಯಾರ್ಥಿಗಳು, ಸಮಾಜ ಪಾಠ ಹೇಳುವ ಅಧ್ಯಾಪಕರು, ಗ್ರಾಮ ಪಂಚಾಯತ್ ಸದಸ್ಯರು, ಊರಿನ ಯುವಕ ಮಂಡಲದವರು, ಮಹಿಳಾ ಮಂಡಲದವರು ಇದನ್ನು ಬಳಸಿಕೊಳ್ಳಬಹುದು. ದೊಡ್ಡ ಅನುದಾನವಾಗಲಿ ಸಂಖ್ಯಾಶಾಸ್ತ್ರದ ಪದವಿಯಾಗಲಿ ಇದಕ್ಕೆ ಬೇಡ. ಮನೆಯವರ ಜತೆ ನಿಧಾನವಾಗಿ ಕೂತು ಮಾತನಾಡುವ ವ್ಯವಧಾನ ಮತ್ತು ಹಳೆಯ ಕಾಗದಗಳನ್ನು ಓದುವ ತಾಳ್ಮೆ ಬೇಕು.

ಹೊರಡುವ ಮೊದಲು ಒಂದು ಮಾತನ್ನು ಸ್ಪಷ್ಟ ಮಾಡಿಕೊಳ್ಳಬೇಕು. ದಿನಗೂಲಿಯ ಮೇಲೆ ನಿಂತಿರುವ ದೇಶದಲ್ಲಿ ಲಾಕ್‌ಡೌನ್‌ನ ಪೆಟ್ಟು ಮುಖ್ಯವಾಗಿ ಬಿದ್ದದ್ದು ಮನೆಲೆಕ್ಕಕ್ಕೆ, ಅದೂ ಕೂಡಲೇ ಕಣ್ಣಿಗೆ ಕಾಣದ ಹಾಗೆ. ಸಂಬಳದ ನೌಕರಿ ಇರುವಲ್ಲಿ ಕೆಲಸ ಹೋದರೆ ಅದು ನಿರುದ್ಯೋಗದ ಪಟ್ಟಿಗೆ ಸೇರುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ಅಂದಾಜಿನ ಪ್ರಕಾರ ಲೋಕದಲ್ಲಿ ದುಡಿಯುವವರ ಪೈಕಿ ಸುಮಾರು 200 ಕೋಟಿ ಮಂದಿ, ಅಂದರೆ ನೂರಕ್ಕೆ 60ಕ್ಕಿಂತಲೂ ಹೆಚ್ಚು ಜನ, ಅಸಂಘಟಿತ ವಲಯದವರು. ಅವರ ಕೆಲಸ ನಿಂತರೆ ಯಾವ ರಿಜಿಸ್ಟರಿನಲ್ಲೂ ಗೆರೆ ಬೀಳುವುದಿಲ್ಲ. ಬದಲಿಗೆ ಬಳೆ ಅಡವಿಗೆ ಹೋಗುತ್ತದೆ, ಅಂಗಡಿಯಲ್ಲಿ ಸಾಲ ಬೆಳೆಯುತ್ತದೆ, ಕಣ್ಣಿನ ಪೊರೆಯ ಆಪರೇಶನ್ ಮುಂದಕ್ಕೆ ಹೋಗುತ್ತದೆ, ಮಗಳ ಡಿಪ್ಲೊಮಾ ಒಂದು ವರ್ಷಕ್ಕೆ ನಿಲ್ಲುತ್ತದೆ. ನೀವು ಹುಡುಕಬೇಕಾದದ್ದು ಇವುಗಳನ್ನು. ಆದ್ದರಿಂದ ಈ ಕೆಲಸವನ್ನು ಇನ್ನೂ ಮುಂದೂಡಬಾರದು. ಆ ಕಾಲದ ಎಟಿಎಂ ಚೀಟಿಗಳ ಅಕ್ಷರ ಈಗಾಗಲೇ ಮಾಸಿದೆ, ಮೊಬೈಲ್ ಬದಲಾದಾಗ ವಾಟ್ಸ್ಆ್ಯಪ್ ಸಂದೇಶಗಳು ಹೋಗಿವೆ, ಹಳೆಯ ಪಾಸ್‌ಬುಕ್‌ಗಳು ರದ್ದಿಗೆ ಸೇರುತ್ತಿವೆ.

ಪ್ರಶ್ನೆಯನ್ನು ಸಣ್ಣದು ಮಾಡಿಕೊಳ್ಳಿ

ಒಂದು ಕಸುಬು, ಒಂದು ಗ್ರಾಮ ಅಥವಾ ವಾರ್ಡು, ಒಂದು ಅವಧಿ: ಇಷ್ಟಕ್ಕೆ ನಿಮ್ಮ ಪ್ರಶ್ನೆಯನ್ನು ಕುಗ್ಗಿಸಿಕೊಳ್ಳಿ. "ಕರಾವಳಿಯ ಮೇಲೆ ಲಾಕ್‌ಡೌನ್‌ನ ಪರಿಣಾಮ" ಎಂದು ಹೊರಟರೆ ಎಲ್ಲರಿಗೂ ಗೊತ್ತಿರುವ ಉತ್ತರವೇ ಸಿಗುತ್ತದೆ. "2020ರ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ನಮ್ಮ ಗ್ರಾಮದ ಬೀಡಿ ಕಟ್ಟುವ ಮನೆಗಳು ಖರ್ಚನ್ನು ಹೇಗೆ ನಿಭಾಯಿಸಿದವು" ಎಂದು ಕೇಳಿಕೊಂಡರೆ ಹತ್ತು ಹದಿನೈದು ಮನೆಗಳಲ್ಲಿಯೇ ಗಟ್ಟಿಯಾದ ದಾಖಲೆ ಸಿದ್ಧವಾಗುತ್ತದೆ.

ಕಸುಬನ್ನು ಆರಿಸುವಾಗ ಸರಕಾರದ ನೆರವಿನ ಪಟ್ಟಿಯಲ್ಲಿ ಹೆಸರಿದ್ದವರನ್ನೂ ಇಲ್ಲದವರನ್ನೂ ಜತೆಗಿಟ್ಟು ನೋಡಬೇಕೆಂಬುದು ನನ್ನ ಸಲಹೆ. 2020ರ ಮೇ 6ರಂದು ರಾಜ್ಯ ಸರಕಾರ ಪ್ರಕಟಿಸಿದ 1,610 ಕೋಟಿ ರೂಪಾಯಿಗಳ ಪ್ಯಾಕೇಜಿನಲ್ಲಿ ಕ್ಷೌರಿಕರಿಗೆ, ಅಗಸರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಸಿಗುವುದೆಂದು ಹೇಳಲಾಗಿತ್ತು. ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಜನಸಂಚಾರದ ಬೆನ್ನೆಲುಬೇ ಆಗಿರುವ ಖಾಸಗಿ ಬಸ್ಸುಗಳ ಚಾಲಕರು ಮತ್ತು ಕಂಡಕ್ಟರರು, ಹೋಟೆಲಿನ ಸಪ್ಲೈಯರ್‌ಗಳು, ಶಾಮಿಯಾನದ ಹುಡುಗರು, ಮದುವೆ ಮನೆಗಳಲ್ಲಿ ಅಡುಗೆ ಮಾಡುವವರು ಆ ಪಟ್ಟಿಯಲ್ಲಿ ಇರಲಿಲ್ಲ. ಯಕ್ಷಗಾನದ ಮೇಳಗಳ ಪಾಡು ಇನ್ನೊಂದು ಬಗೆಯದು. ದೀಪಾವಳಿಯ ಬಳಿಕ ಹೊರಟು ಮೇ ಕೊನೆಯ ಸುಮಾರಿಗೆ ಬರುವ ಪತ್ತನಾಜೆಗೆ ಮುಗಿಯುವ ತಿರುಗಾಟ ಮಾರ್ಚ್‌ನಲ್ಲಿಯೇ ನಿಂತದ್ದರಿಂದ ಕಲಾವಿದರು ಆಟಗಳು ಹೆಚ್ಚಾಗಿರುವ ಎರಡು ತಿಂಗಳುಗಳನ್ನು ಕಳೆದುಕೊಂಡರು. ದೈವಾರಾಧನೆಯ ನೇಮ, ಕೋಲಗಳನ್ನು ನಂಬಿದ ಮನೆಗಳಿಗೂ ಅದೇ ಋತು ಹೋಯಿತು. ಪಟ್ಟಿಯ ಒಳಗಿದ್ದ ಮನೆ, ಹೊರಗಿದ್ದ ಮನೆ ಎರಡನ್ನೂ ನೋಡಿದಾಗ ಆ 5,000 ರೂಪಾಯಿ ಎಷ್ಟು ದಿನದ ಆಸರೆಯಾಯಿತು ಎಂಬುದು ಸರಿಯಾಗಿ ತಿಳಿಯುತ್ತದೆ.

ಊರಿನ ದಿನಾಂಕಪಟ್ಟಿಯನ್ನು ಮೊದಲು ಬರೆದುಕೊಳ್ಳಿ

ಯಾರ ಮನೆಗೂ ಹೋಗುವ ಮೊದಲು ಒಂದು ಹಾಳೆಯಲ್ಲಿ ದಿನಾಂಕಗಳನ್ನು ಬರೆದಿಟ್ಟುಕೊಳ್ಳಬೇಕು. ದೇಶಕ್ಕೆಲ್ಲ ಒಂದೇ ಲಾಕ್‌ಡೌನ್ ಎಂದು ಹೇಳಿದರೂ ಒಂದೊಂದು ಕಸುಬಿಗೆ ಅದು ಒಂದೊಂದು ದಿನ ಆರಂಭವಾಗಿ ಒಂದೊಂದು ದಿನ ಮುಗಿಯಿತು. ರಾಜ್ಯದಲ್ಲಿ ಮಾಲ್, ಸಿನಿಮಾ ಮಂದಿರ, ದೊಡ್ಡ ಸಮಾರಂಭಗಳಿಗೆ ಮಾರ್ಚ್ 14ರಿಂದಲೇ ತಡೆ ಬಿದ್ದಿತ್ತು. ಆದ್ದರಿಂದ ಮದುವೆಯ ಅಡುಗೆಯವರ ಲೆಕ್ಕವನ್ನು ಮಾರ್ಚ್ 25ರಿಂದ ತೆಗೆದರೆ ತಪ್ಪಾಗುತ್ತದೆ. ಮಾರ್ಚ್ 22 ಜನತಾ ಕರ್ಫ್ಯೂವಿನ ದಿನ. ದಕ್ಷಿಣ ಕನ್ನಡದ ಮೊದಲ ಪ್ರಕರಣ ದೃಢಪಟ್ಟದ್ದೂ ಅಂದೇ. ಕಡಲ ಮೀನುಗಾರಿಕೆಗೆ ಕೇಂದ್ರ ಗೃಹ ಸಚಿವಾಲಯ ಎಪ್ರಿಲ್ 10ರಂದು ವಿನಾಯಿತಿ ಕೊಟ್ಟಿತು. ಎಪ್ರಿಲ್ 15ರ ಮಾರ್ಗಸೂಚಿಯಲ್ಲಿ ಮದ್ಯ, ಗುಟ್ಕಾ, ತಂಬಾಕುಗಳ ಮಾರಾಟವನ್ನು ನಿಷೇಧಿಸಿತು. ದೋಣಿಗೆ ದಾರಿ ತೆರೆಯುತ್ತಿದ್ದ ಅದೇ ವಾರ ಬೀಡಿಯ ಮಾರುಕಟ್ಟೆ ಮುಚ್ಚಿಯೇ ಇತ್ತು. ಇವೆರಡೂ ಒಂದೇ ಓಣಿಯ ಅಕ್ಕಪಕ್ಕದ ಮನೆಗಳ ಕಸುಬುಗಳಾಗಿರಬಹುದು.

ಗಡಿಯ ಊರಿನವರು ತಲಪಾಡಿಯ ದಿನಾಂಕಗಳನ್ನು ಬಿಡುವಂತಿಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಬರುವ ರಸ್ತೆಗಳನ್ನು ಕರ್ನಾಟಕ ಮಣ್ಣು ಹಾಕಿ ಮುಚ್ಚಿದಾಗ, ಡಯಾಲಿಸಿಸ್‌ಗೂ ಹೃದಯದ ಚಿಕಿತ್ಸೆಗೂ ಹಿಂದಿನಿಂದಲೂ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕುಟುಂಬಗಳು ಆಚೆ ಉಳಿದವು. ಚಿಕಿತ್ಸೆ ಸಿಗದೆ ರೋಗಿಗಳು ತೀರಿಕೊಂಡ ವರದಿಗಳು ಬಂದವು. ಎಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರೆಯಲು ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ರೋಗಿಗಳ ಸಾಗಾಟಕ್ಕೆ ಒಪ್ಪಿತವಾದ ಕ್ರಮವೊಂದು ಎಪ್ರಿಲ್ 7ರ ಹೊತ್ತಿಗೆ ಆಯಿತು. ಈ ನಡುವಿನ ದಿನಗಳಲ್ಲಿ ಯಾವ ಮನೆಯವರು ಯಾವ ಚಿಕಿತ್ಸೆಯನ್ನು ತಪ್ಪಿಸಿಕೊಂಡರು ಎಂಬುದನ್ನು ಕುಂಜತ್ತೂರಿನವರೋ ಮಂಜೇಶ್ವರದವರೋ ದಾಖಲಿಸಿದರೆ ಅದಕ್ಕೆ ಬಹಳ ಬೆಲೆ ಇದೆ.

ಹೊರರಾಜ್ಯದ ಕೆಲಸಗಾರರ ದಿನಾಂಕಗಳೂ ಬೇಕು. ಶ್ರಮಿಕ್ ರೈಲುಗಳು ದೇಶದಲ್ಲಿ ಮೇ 1ರಂದು ಆರಂಭವಾದವು. ರಾಜ್ಯ ಸರಕಾರ ಮೇ 5ರಂದು ರೈಲುಗಳು ಬೇಡವೆಂದು ಬರೆದು, ಟೀಕೆ ಬಂದ ಮೇಲೆ ಎರಡೇ ದಿನಗಳಲ್ಲಿ ಆ ನಿಲುವನ್ನು ಬದಲಿಸಿತು. ಅದೇ ವಾರ ಜಾರ್ಖಂಡ್, ಬಿಹಾರ, ಉತ್ತರ ಪ್ರದೇಶಗಳ ಕೆಲಸಗಾರರು ಊರಿಗೆ ಕಳಿಸಿಕೊಡಿ ಎಂದು ಮಂಗಳೂರಿನ ರೈಲು ನಿಲ್ದಾಣದಲ್ಲಿ ನೂರಾರು ಸಂಖ್ಯೆಯಲ್ಲಿ ಸೇರಿದ್ದರು. ಕೊಲ್ಲಿಯಲ್ಲಿ ಸಿಲುಕಿದ್ದವರನ್ನು ಹೊತ್ತ ಮೊದಲ ವಿಮಾನ ದುಬೈಯಿಂದ ಮಂಗಳೂರಿನ ಬಜಪೆ ವಿಮಾನ ನಿಲ್ದಾಣಕ್ಕೆ ಬಂದಿಳಿದದ್ದು ಮೇ 12ರ ರಾತ್ರಿ. ಮುಂಬೈಯಿಂದ ಉಡುಪಿ ಜಿಲ್ಲೆಗೆ ಮರಳಿದವರ ದೊಡ್ಡ ಗುಂಪುಗಳು ಬಂದದ್ದೂ ಅದೇ ತಿಂಗಳು. ಶಾಲೆಗಳದ್ದು ಎಲ್ಲಕ್ಕಿಂತ ಉದ್ದದ ಗೆರೆ: ಒಂದರಿಂದ ಐದನೆಯ ತರಗತಿಯ ಮಕ್ಕಳು ತರಗತಿಗೆ ಮರಳಿದ್ದು 2021ರ ಅಕ್ಟೋಬರ್ 25ಕ್ಕೆ.

ಕಾಗದಗಳನ್ನು ಓದುವುದು

ಜನರ ನೆನಪನ್ನು ಗೌರವಿಸಬೇಕು, ಆದರೆ ಮೊತ್ತ ಮತ್ತು ದಿನಾಂಕಗಳ ವಿಷಯದಲ್ಲಿ ಕಾಗದಕ್ಕೆ ಮೊದಲ ಸ್ಥಾನ. ನಮ್ಮ ಕರಾವಳಿಯ ಮನೆಗಳಲ್ಲಿ ಇಂತಹ ಕಾಗದಗಳು ಬೇರೆ ಕಡೆಗಿಂತ ಹೆಚ್ಚಾಗಿಯೇ ಸಿಗುತ್ತವೆ.

ಎಲ್ಲಕ್ಕಿಂತ ಮೊದಲು ಪಿಗ್ಮಿ ಪುಸ್ತಕವನ್ನು ಕೇಳಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಆರಂಭಿಸಿದ ಈ ದಿನದಿನದ ಉಳಿತಾಯ ಇಂದಿಗೂ ಸಹಕಾರಿ ಸಂಘಗಳ ಮೂಲಕ ಗೂಡಂಗಡಿಯಿಂದ ಆಟೋ ಸ್ಟ್ಯಾಂಡಿನವರೆಗೆ ಹಬ್ಬಿದೆ. ದಿನಕ್ಕೆ 50 ಅಥವಾ 100 ರೂಪಾಯಿ ಕಟ್ಟುತ್ತಿದ್ದ ಒಬ್ಬ ಚಹಾ ಅಂಗಡಿಯವರ ಪುಸ್ತಕವನ್ನು ತೆರೆದು ನೋಡಿದರೆ ಅವರ ವ್ಯಾಪಾರದ ಏರಿಳಿತವೇ ಅಲ್ಲಿ ಬರೆದಿಟ್ಟಂತಿರುತ್ತದೆ. ಮಾರ್ಚ್‌ನ ಮೂರನೆಯ ವಾರದವರೆಗೆ ದಿನವೂ ಒಂದು ನಮೂದು, ಆಮೇಲೆ ಖಾಲಿ. ನಮೂದುಗಳು ಮತ್ತೆ ಯಾವಾಗ ಆರಂಭವಾದವು, ಮೊದಲಿನ ಮೊತ್ತಕ್ಕೆ ಮರಳಲು ಎಷ್ಟು ತಿಂಗಳು ಹಿಡಿಯಿತು, ನಡುವೆ ಅವಧಿಗೆ ಮೊದಲೇ ಹಣ ಹಿಂತೆಗೆದರೇ, ಪಿಗ್ಮಿಯ ಮೇಲೆ ಸಾಲ ತೆಗೆದರೇ ಎಂಬ ನಾಲ್ಕು ಸಂಗತಿಗಳನ್ನು ಪ್ರತಿ ಪುಸ್ತಕದಿಂದಲೂ ಬರೆದುಕೊಳ್ಳಿ. ಖಾಲಿ ಬಿದ್ದ ದಿನಗಳಲ್ಲಿ ಪಿಗ್ಮಿ ಏಜೆಂಟರೇ ಬರಲಾಗದ ದಿನಗಳೂ ಇರುತ್ತವೆ. ಅವರಿಗೂ ಕಮಿಷನ್ನೇ ಜೀವನ. ಸಾಧ್ಯವಾದರೆ ಆ ಏಜೆಂಟರನ್ನು ಕಂಡು ಮಾತನಾಡಿ. ಒಂದು ಪೇಟೆಯ ಅಷ್ಟೂ ಅಂಗಡಿಗಳ ಕಷ್ಟಸುಖ ಅವರಿಗೆ ಗೊತ್ತಿರುತ್ತದೆ.

ಬ್ಯಾಂಕಿನ ಪಾಸ್‌ಬುಕ್ಕನ್ನು ನೋಡುವಾಗ ಇಲ್ಲಿನವರು ಗಮನಿಸಬೇಕಾದ ಒಂದು ಸಂಗತಿಯಿದೆ. 2020ರ ಎಪ್ರಿಲ್ 1ರಂದು, ಲಾಕ್‌ಡೌನ್‌ನ ಎರಡನೆಯ ವಾರದಲ್ಲಿ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನೊಳಗೂ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೂ ವಿಲೀನವಾದವು. ಆದ್ದರಿಂದ ಒಂದೇ ಮನೆಯ ಲೆಕ್ಕ ಎರಡು ಬ್ಯಾಂಕುಗಳ ಹೆಸರಿನ ಪಾಸ್‌ಬುಕ್‌ಗಳಲ್ಲಿ ಹಂಚಿಹೋಗಿರಬಹುದು. ಹಳೆಯದನ್ನೂ ಕೇಳಿ ಪಡೆಯಿರಿ. ಮಹಿಳೆಯರ ಜನಧನ್ ಖಾತೆಯಲ್ಲಿ ಎಪ್ರಿಲ್, ಮೇ, ಜೂನ್ ತಿಂಗಳುಗಳಲ್ಲಿ 500 ರೂಪಾಯಿಯಂತೆ ಮೂರು ಜಮೆಗಳು ಇವೆಯೇ ನೋಡಿ. ಇದ್ದರೆ ಅದನ್ನು ತೆಗೆದದ್ದು ಯಾವ ದಿನ ಎಂಬುದನ್ನೂ ಬರೆದುಕೊಳ್ಳಿ. ಜಮೆಯಾದ ಮರುದಿನವೇ ತೆಗೆದ ಮನೆಗೂ ಎರಡು ತಿಂಗಳು ಮುಟ್ಟದೆ ಇಟ್ಟ ಮನೆಗೂ ಇರುವ ವ್ಯತ್ಯಾಸ ಆ ಒಂದು ದಿನಾಂಕದಲ್ಲಿಯೇ ಇದೆ.

ಬೀಡಿ ಕಟ್ಟುವವರಲ್ಲಿ ಎಲೆ, ಹೊಗೆಸೊಪ್ಪು, ನೂಲು ಎಷ್ಟು ಕೊಟ್ಟರು, ಎಷ್ಟು ಸಾವಿರ ಬೀಡಿ ಬಂತು ಎಂದು ಬರೆಯುವ ಪುಸ್ತಕ ಇರುತ್ತದೆ. ಬೀಡಿ ಕಂಪೆನಿಯ ಬ್ರಾಂಚಿನಿಂದ ಎಲೆ ಬರುವುದು ನಿಂತ ವಾರ, ಮತ್ತೆ ಬಂದ ವಾರ, ಬಂದ ಮೇಲೂ ಮೊದಲಿಗಿಂತ ಕಡಿಮೆ ಕೊಟ್ಟ ತಿಂಗಳುಗಳು ಅದರಲ್ಲಿ ಗೊತ್ತಾಗುತ್ತವೆ. ಕಡಿಮೆ ಕೊಟ್ಟ ತಿಂಗಳುಗಳನ್ನು ವಿಶೇಷವಾಗಿ ಗುರುತಿಸಿ. ಬ್ರಾಂಚ್ ತೆರೆಯಿತು ಎಂದಾಕ್ಷಣ ಕೂಲಿ ಮರಳಿತು ಎಂದು ಹೊರಗಿನವರು ಭಾವಿಸುತ್ತಾರೆ, ಪುಸ್ತಕ ಹಾಗೆ ಹೇಳುವುದಿಲ್ಲ. ಸ್ವಸಹಾಯ ಸಂಘದ ಪುಸ್ತಕ, ದಿನಸಿ ಅಂಗಡಿಯ ಸಾಲದ ಪುಸ್ತಕ, ಉದ್ಯೋಗ ಖಾತರಿಯ ಜಾಬ್ ಕಾರ್ಡು, ಚಿನ್ನದ ಸಾಲದ ರಶೀದಿ, ಆಸ್ಪತ್ರೆಯ ಚೀಟಿ, ಮಕ್ಕಳ ಶುಲ್ಕದ ರಶೀದಿ ಇವೂ ನೆರವಾಗುತ್ತವೆ. ಫೋಟೊ ತೆಗೆಯುವುದಾದರೆ ಖಾತೆ ಸಂಖ್ಯೆ, ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆಗಳ ಮೇಲೆ ಕಾಗದ ಇಟ್ಟು ಮುಚ್ಚಿಯೇ ತೆಗೆಯಿರಿ.

ಮನೆಯವರನ್ನು ಕೇಳುವ ಕ್ರಮ

ಮಾತು ಮನೆಯವರ ಮನೆಮಾತಿನಲ್ಲಿಯೇ ನಡೆಯಲಿ; ತುಳು, ಬ್ಯಾರಿ, ಕೊಂಕಣಿ, ಮಲಯಾಳ ಯಾವುದಾದರೂ ಸರಿ. ಬರವಣಿಗೆ ಆಮೇಲೆ ಕನ್ನಡದಲ್ಲಿ ಆಗಬಹುದು. ಮಧ್ಯಾಹ್ನದ ಊಟವಾದ ಮೇಲಿನ ಹೊತ್ತು ಬೀಡಿ ಕಟ್ಟುವವರಿಗೆ ಅನುಕೂಲ, ಅವರ ಕೈ ಕೆಲಸ ಮಾಡುತ್ತಲೇ ಮಾತು ಸಾಗುತ್ತದೆ. ಬೋಟಿನವರನ್ನು ಮಳೆಗಾಲದ ರಜೆಯಲ್ಲಿ ಕಾಣುವುದು ಒಳ್ಳೆಯದು.

"ಲಾಕ್‌ಡೌನಿನಿಂದ ನಿಮಗೆ ಏನು ತೊಂದರೆಯಾಯಿತು?" ಎಂದು ಕೇಳಬೇಡಿ. ಆ ಪ್ರಶ್ನೆಗೆ "ತುಂಬಾ ಕಷ್ಟ ಆಯಿತು" ಎಂಬ ಒಂದೇ ಉತ್ತರ. ದಿನವನ್ನು ನೆನಪಿಗೆ ತರುವ ಪ್ರಶ್ನೆಗಳನ್ನು ಕೇಳಿ. "ಅಕ್ಕ, ಆ ವರ್ಷ ಬಿಸುವಿಗೆ ಮನೆಯಲ್ಲಿ ಏನು ಅಡುಗೆ ಮಾಡಿದ್ದಿರಿ?" ಎಂದರೆ, ಬಿಸು ತುಳುವರ ಹೊಸವರ್ಷವಾದ್ದರಿಂದ, ಎಪ್ರಿಲ್ 14ರ ಸುಮಾರಿನ ಅಡುಗೆಮನೆ ಕಣ್ಣಮುಂದೆ ಬರುತ್ತದೆ. ಅಕ್ಕಿ ರೇಶನ್ನಿನದ್ದೇ, ತರಕಾರಿ ಹಿತ್ತಿಲಿನದ್ದೇ, ತೆಂಗಿನಕಾಯಿ ಯಾರು ಕೊಟ್ಟರು, ಪಾಯಸ ಆಯಿತೇ ಇಲ್ಲವೇ ಎಂದು ಒಂದರಿಂದ ಒಂದು ಮಾತು ಬೆಳೆಯುತ್ತದೆ. ಕ್ರೈಸ್ತರ ಮನೆಗಳಲ್ಲಿ ಎಪ್ರಿಲ್ 12ರ ಈಸ್ಟರ್, ಮುಸ್ಲಿಮರ ಮನೆಗಳಲ್ಲಿ ರಂಜಾನ್ ಉಪವಾಸದ ತಿಂಗಳು ಮತ್ತು ಮೇ ಕೊನೆಯ ಈದ್ ಇದೇ ರೀತಿ ನೆನಪಿನ ಗುರುತುಗಳಾಗುತ್ತವೆ. ದೀಪ ಹಚ್ಚಿದ ಎಪ್ರಿಲ್ 5ರ ರಾತ್ರಿ, ಮೊದಲ ಮಳೆ, ಮಗುವಿನ ಎಸೆಸೆಲ್ಸಿ ಪರೀಕ್ಷೆ ಇವೂ ಅಷ್ಟೆ. ಆ ಗುರುತನ್ನು ಹಿಡಿದು ಹಣದ ವಿಷಯಕ್ಕೆ ಬನ್ನಿ: "ಆ ವಾರ ಕೈಯಲ್ಲಿ ಎಷ್ಟಿತ್ತು? ಮೊದಲು ಕೇಳಿದ್ದು ಯಾರ ಹತ್ತಿರ? ಅವರು ಕೊಟ್ಟರೇ? ಅದನ್ನು ತೀರಿಸಿದ್ದು ಯಾವಾಗ?" ಈ ನಾಲ್ಕು ಪ್ರಶ್ನೆಗಳನ್ನು ಎಲ್ಲ ಮನೆಗಳಲ್ಲಿಯೂ ಇದೇ ಕ್ರಮದಲ್ಲಿ ಕೇಳಿದರೆ ಮುಂದೆ ಮನೆಮನೆಗಳನ್ನು ಹೋಲಿಸಲು ಸುಲಭ.

ಸಾಲ ತೀರಿದ ದಿನಾಂಕ ನನ್ನ ದೃಷ್ಟಿಯಲ್ಲಿ ಇಡೀ ದಾಖಲೆಯ ಜೀವಾಳ. ಲಾಕ್‌ಡೌನ್ ಮೇ 31ಕ್ಕೆ ಮುಗಿಯಿತೆಂದು ಆದೇಶ ಹೇಳುತ್ತದೆ, ಆದರೆ ಆಗ ತೆಗೆದ ಸಾಲ 2023ರಲ್ಲಿ ತೀರಿದ್ದರೆ ಆ ಮನೆಗೆ ಲಾಕ್‌ಡೌನ್ ಮುಗಿದದ್ದು 2023ರಲ್ಲಿ. ರಿಸರ್ವ್ ಬ್ಯಾಂಕು 2020ರ ಮಾರ್ಚ್ 27ರಂದು ಪ್ರಕಟಿಸಿ ಆಗಸ್ಟ್ 31ರವರೆಗೆ ವಿಸ್ತರಿಸಿದ ಕಂತು ವಿನಾಯಿತಿಯಲ್ಲಿ ಕಂತು ಮುಂದಕ್ಕೆ ಹೋಯಿತು, ಬಡ್ಡಿ ನಿಲ್ಲಲಿಲ್ಲ. ಆಟೋ ಸಾಲ, ಬೋಟಿನ ಸಾಲ ಇದ್ದವರಲ್ಲಿ ಇದನ್ನು ವಿವರವಾಗಿ ಕೇಳಬೇಕು. ಕಂತುಗಳ ಸಂಖ್ಯೆ ಎಷ್ಟು ಹೆಚ್ಚಿತು ಎಂದು ಅವರ ಬಳಿಯ ಕಾಗದವೇ ಹೇಳುತ್ತದೆ.

ಒಂದೇ ಮನೆಯಲ್ಲಿ ಒಬ್ಬರನ್ನು ಮಾತ್ರ ಕೇಳಿ ಎದ್ದು ಬರಬೇಡಿ. ಗಂಡ ಹೇಳುವ ಲೆಕ್ಕದಲ್ಲಿ ಬಳೆ ಅಡವಿಟ್ಟದ್ದು ಇರಬಹುದು. ಎರಡು ಹೊತ್ತಿನ ಊಟ ಒಂದೂವರೆ ಹೊತ್ತಾದದ್ದು, ಅದರಲ್ಲೂ ಕೊನೆಗೆ ಊಟಕ್ಕೆ ಕೂತವರು ಯಾರು ಎಂಬುದು ಹೆಂಗಸರ ಮಾತಿನಲ್ಲಿ ಮಾತ್ರ ಬರುತ್ತದೆ. ಆಗ ಹೈಸ್ಕೂಲಿನಲ್ಲಿದ್ದ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಅವರನ್ನು ಬೇರೆಯಾಗಿಯೇ ಕೇಳಿ. ಸುಳ್ಯ, ಬೆಳ್ತಂಗಡಿಯ ಕಡೆ ನೆಟ್‌ವರ್ಕಿಗಾಗಿ ಗುಡ್ಡ ಹತ್ತಿದ ಮಕ್ಕಳ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಮನೆಗೊಂದೇ ಸ್ಮಾರ್ಟ್‌ಫೋನ್ ಇದ್ದಲ್ಲಿ ಅದು ಅಣ್ಣನಿಗೆ ಸಿಕ್ಕಿತೇ ತಂಗಿಗೆ ಸಿಕ್ಕಿತೇ ಎಂಬುದು ಸುದ್ದಿಯಾಗಲಿಲ್ಲ.

ಅವಮಾನದ ನೆನಪುಗಳ ಬಗ್ಗೆ ಎಚ್ಚರ ಬೇಕು. ಮುಂಬೈಯಿಂದ ಮರಳಿ ಶಾಲೆಯ ಕ್ವಾರಂಟೈನಿನಲ್ಲಿ ಉಳಿದವರನ್ನು ನೆರೆಕರೆಯವರು ದೂರ ಇಟ್ಟಿರಬಹುದು, ಮನೆಯ ಮುಂದೆ ಸೀಲ್‌ಡೌನ್‌ನ ಹಗ್ಗ ಕಟ್ಟಿರಬಹುದು, ಆಹಾರದ ಕಿಟ್ ತೆಗೆದುಕೊಳ್ಳುವಾಗ ಫೋಟೊಗೆ ನಿಲ್ಲಿಸಿರಬಹುದು. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ಕೆದಕಬೇಡಿ.

ಯಾವುದು ಲಾಕ್‌ಡೌನಿನದ್ದು, ಯಾವುದು ಅಲ್ಲ

ಆ ಎರಡು ವರ್ಷಗಳಲ್ಲಿ ಬಂದ ಕಷ್ಟಗಳೆಲ್ಲವನ್ನೂ ಲಾಕ್‌ಡೌನಿನ ಲೆಕ್ಕಕ್ಕೆ ಬರೆದರೆ ನಿಮ್ಮ ದಾಖಲೆ ದುರ್ಬಲವಾಗುತ್ತದೆ. ಮೀನುಗಾರಿಕೆಯನ್ನೇ ನೋಡಿ. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧ ಇದ್ದೇ ಇರುತ್ತದೆ. 2020ರಲ್ಲಿ ಕೇಂದ್ರ ಸರಕಾರ ಅದನ್ನು ಜೂನ್ 15ರಿಂದ ಆರಂಭಿಸಿ 47 ದಿನಗಳಿಗೆ ಇಳಿಸಿತು. ಜೂನ್, ಜುಲೈಯಲ್ಲಿ ಬೋಟು ನಿಂತದ್ದನ್ನು ಲಾಕ್‌ಡೌನಿನ ನಷ್ಟವೆಂದು ಎಣಿಸುವಂತಿಲ್ಲ. ಇತ್ತ 2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಚಂಡಮಾರುತ, ಅದರ ಹಿಂದೆಯೇ ಮಹಾ ಚಂಡಮಾರುತ ಬಂದು ಆ ಋತುವನ್ನು ಮೊದಲೇ ಕೆಡಿಸಿದ್ದವು. ಆದ್ದರಿಂದ 2020ರ ಎಪ್ರಿಲ್‌ನ ಆದಾಯವನ್ನು ಹಿಂದಿನ ಒಂದು ವರ್ಷಕ್ಕೆ ಮಾತ್ರ ಹೋಲಿಸದೆ, ಎರಡು ಮೂರು ವರ್ಷಗಳ ಎಪ್ರಿಲ್ ತಿಂಗಳಿಗೆ ಹೋಲಿಸಿ. ಬೋಟಿನಲ್ಲಿ ಪಾಲಿನ ಲೆಕ್ಕ ನಡೆಯುವುದರಿಂದ ಬೋಟು ನಡೆಸುವ ತಾಂಡೇಲರಿಗೆ ಬಂದದ್ದು ಬೇರೆ, ಬಲೆ ಎಳೆಯುವವರಿಗೆ ಬಂದದ್ದು ಬೇರೆ. ಬೋಟು ನಿಲ್ಲುವ ದಕ್ಕೆಯಲ್ಲಿ ಮೀನು ಎತ್ತಿಕೊಂಡು ಬುಟ್ಟಿಯಲ್ಲಿ ಊರೂರು ಮಾರುವ ಮಹಿಳೆಯರ ಲೆಕ್ಕ ಇನ್ನೂ ಬೇರೆ. ಬಸ್ಸು ಓಡದೆ ಬುಟ್ಟಿ ಊರಿಗೆ ತಲುಪುವುದಿಲ್ಲ. ಆದ್ದರಿಂದ ಬೋಟು ಕಡಲಿಗೆ ಇಳಿದ ಮೇಲೂ ಅವರ ಕಸುಬು ನಿಂತೇ ಇತ್ತು.

2020ರ ಸೆಪ್ಟೆಂಬರ್ 20ರ ಉಡುಪಿಯ ನೆರೆ, 2021ರ ಮೇ ನಡುವಿನ ತೌಕ್ತೆ ಚಂಡಮಾರುತ ಇವುಗಳ ಹಾನಿಯನ್ನು ಬೇರೆ ಅಂಕಣದಲ್ಲಿ ಬರೆಯಿರಿ. ಕೊರೊನಾ ಕಾಯಿಲೆಯ ಖರ್ಚು, ಸಾವು ಇವಕ್ಕೂ ಪ್ರತ್ಯೇಕ ಅಂಕಣ ಬೇಕು. ಚಿನ್ನದ ಸಾಲ ಹೆಚ್ಚಾದದ್ದನ್ನು ಕಂಡು ಬರೀ ಸಂಕಟವೆಂದು ತೀರ್ಮಾನಿಸಬಾರದು. 2020ರ ಆಗಸ್ಟ್‌ನಲ್ಲಿ ಚಿನ್ನದ ಬೆಲೆ ಆವರೆಗಿನ ಎತ್ತರ ಮುಟ್ಟಿತ್ತು. ಅದೇ ತಿಂಗಳು ರಿಸರ್ವ್ ಬ್ಯಾಂಕು ಚಿನ್ನದ ಮೌಲ್ಯದ ನೂರಕ್ಕೆ 90ರವರೆಗೆ ಸಾಲ ಕೊಡಲು ಬ್ಯಾಂಕುಗಳಿಗೆ ಅವಕಾಶ ಕೊಟ್ಟಿತ್ತು. ವ್ಯಾಪಾರ ಬೆಳೆಸಲು ಸಾಲ ತೆಗೆದವರೂ ಇದ್ದಾರೆ. ಹಣ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಗೊತ್ತಾಗುತ್ತದೆ.

ಕಚೇರಿಗಳಿಂದ ಪಡೆಯಬಹುದಾದದ್ದು

ಗ್ರಾಮ ಪಂಚಾಯತಿನಲ್ಲಿ ಉದ್ಯೋಗ ಖಾತರಿಯ ಲೆಕ್ಕ ಸಿಗುತ್ತದೆ. 2020-21ರಲ್ಲಿ ರಾಜ್ಯದ ಕೂಲಿ ದಿನಕ್ಕೆ 275 ರೂಪಾಯಿ ಇತ್ತು. ಹೊಸದಾಗಿ ಜಾಬ್ ಕಾರ್ಡು ಮಾಡಿಸಿದವರ ಸಂಖ್ಯೆಯಿಂದ ಊರಿಗೆ ಮರಳಿದವರ ಅಂದಾಜು ಸಿಗುತ್ತದೆ. ಶಾಲೆಯ ದಾಖಲಾತಿ ವಹಿಯಲ್ಲಿ ಖಾಸಗಿ ಶಾಲೆಯಿಂದ ಸರಕಾರಿ ಶಾಲೆಗೆ ಬಂದವರು, ಎಲ್ಲಿಗೂ ಸೇರದೆ ಹೆಸರು ಬಿಟ್ಟುಹೋದವರು ಕಾಣುತ್ತಾರೆ. ಬಿಸಿಯೂಟ ನಿಂತ ಬಳಿಕ ಅದರ ಬದಲಿಗೆ ಧಾನ್ಯ ಯಾವ ತಿಂಗಳಿನಿಂದ ಕೊಟ್ಟರು ಎಂಬುದೂ ಅಲ್ಲಿಯೇ ತಿಳಿಯುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಕ್ಕಳ ಲಸಿಕೆ ಮತ್ತು ಕ್ಷಯರೋಗಿಗಳ ತಿಂಗಳುವಾರು ಸಂಖ್ಯೆಯನ್ನು, ಹೆಸರುಗಳಿಲ್ಲದೆ, ಕೇಳಿ. ದೇಶದಲ್ಲಿ 2019ರಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ಪತ್ತೆಯಾಗಿದ್ದರೆ 2020ರಲ್ಲಿ ಪತ್ತೆಯಾದವರು ಸುಮಾರು 18 ಲಕ್ಷ. ರೋಗ ಕಡಿಮೆಯಾಗಿರಲಿಲ್ಲ, ಪರೀಕ್ಷೆಗೆ ಬರಲಾಗಿರಲಿಲ್ಲ.

ಬಾಯಿಮಾತಿನಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಕೊಡಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಅದು 150 ಪದಗಳನ್ನು ಮೀರಬಾರದು. ಆದ್ದರಿಂದ ಶಾಲೆಗೊಂದು, ಪಂಚಾಯತಿಗೊಂದು, ಆರೋಗ್ಯ ಕೇಂದ್ರಕ್ಕೊಂದು ಅರ್ಜಿ ಬರೆಯಿರಿ. "2018ರಿಂದ 2022ರವರೆಗೆ ತಿಂಗಳುವಾರು" ಎಂದು ಅವಧಿಯನ್ನು ನಮೂದಿಸುವುದು ಮರೆಯಬಾರದು. ಮೊದಲಿನ ಎರಡು ವರ್ಷಗಳ ಅಂಕಿಗಳಿಲ್ಲದೆ ಲಾಕ್‌ಡೌನ್ ವರ್ಷದ ಅಂಕಿಗೆ ಅರ್ಥ ಬರುವುದಿಲ್ಲ.

ಹೊರದೇಶಗಳ ಜತೆ ಇಟ್ಟು ನೋಡುವುದು

ನಿಮ್ಮ ಗ್ರಾಮದ ಅನುಭವ ಒಂಟಿಯಲ್ಲ. ಆದರೆ ಹೋಲಿಕೆ ಮಾಡುವಾಗ ಇಡೀ ದೇಶಕ್ಕೆ ದೇಶವನ್ನು ಹೋಲಿಸದೆ, ನಿಮ್ಮ ಮನೆಗಳಲ್ಲಿ ಕಂಡ ಒಂದು ಸಂಗತಿಯನ್ನು ಹಿಡಿದು ಅದು ಬೇರೆಡೆ ಹೇಗಿತ್ತು ಎಂದು ನೋಡಿ.

ದಿನದಿನದ ಖರೀದಿಯ ವಿಷಯ ಸಿಕ್ಕಿದ್ದರೆ ಪೆರು ದೇಶವನ್ನು ನೋಡಬಹುದು. ಆ ದೇಶ 2020ರ ಮಾರ್ಚ್ 16ರಿಂದಲೇ ಬಿಗಿಯಾದ ಲಾಕ್‌ಡೌನ್ ಹೇರಿತು, ಆದರೂ ಜನಸಂಖ್ಯೆಗೆ ಹೋಲಿಸಿದರೆ ಲೋಕದಲ್ಲಿಯೇ ಅತಿ ಹೆಚ್ಚು ಸಾವುಗಳನ್ನು ಕಂಡ ದೇಶಗಳಲ್ಲಿ ಒಂದಾಯಿತು. ದುಡಿಯುವವರಲ್ಲಿ ನೂರಕ್ಕೆ 70ರಷ್ಟು ಜನ ಅಸಂಘಟಿತರು, ಬಹಳಷ್ಟು ಮನೆಗಳಲ್ಲಿ ಫ್ರಿಜ್ ಇಲ್ಲ, ಆದ್ದರಿಂದ ಜನ ಮತ್ತೆ ಮತ್ತೆ ಸಂತೆಗೆ ಹೋಗಲೇಬೇಕಾಯಿತು. ನೆರವಿನ ಹಣ ಪಡೆಯಲು ಬ್ಯಾಂಕುಗಳ ಮುಂದೆ ಸಾಲುಗಟ್ಟಬೇಕಾಯಿತು. ಮನೆಯೊಳಗೆ ಇರಿ ಎಂಬ ಆದೇಶವನ್ನು ಪಾಲಿಸಲು ಮನೆಯೊಳಗೆ ಏನಿರಬೇಕು ಎಂಬ ಪ್ರಶ್ನೆ ಅಲ್ಲಿ ಎದ್ದು ಕಾಣುತ್ತದೆ. ಶಾಲೆಯ ವಿಷಯ ಸಿಕ್ಕಿದ್ದರೆ ಉಗಾಂಡವನ್ನು ನೋಡಿ. ಅಲ್ಲಿ ಶಾಲೆಗಳು ಪೂರ್ಣವಾಗಿಯೋ ಭಾಗಶಃವೋ 83 ವಾರ ಮುಚ್ಚಿದ್ದು, 2022ರ ಜನವರಿ 10ರಂದು ಎಲ್ಲ ಮಕ್ಕಳಿಗೂ ತೆರೆದವು. ನೆರವಿನ ಮೊತ್ತದ ವಿಷಯವಾದರೆ ಬ್ರೆಜಿಲ್ 2020ರಲ್ಲಿ ಅಸಂಘಟಿತ ದುಡಿಮೆಗಾರರಿಗೆ ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ತಲಾ 600 ರಿಯಲ್ (ಬ್ರೆಜಿಲಿನ ಹಣ) ಕೊಟ್ಟಿತು. ಅದನ್ನು ನಮ್ಮ ಜನಧನ್ ಖಾತೆಯ 500 ರೂಪಾಯಿಯ ಪಕ್ಕದಲ್ಲಿಡುವಾಗ ಎರಡೂ ಕಡೆ ಆ ಹಣಕ್ಕೆ ಎಷ್ಟು ದಿನದ ದಿನಸಿ ಬರುತ್ತಿತ್ತು ಎಂದು ಲೆಕ್ಕ ಹಾಕಬೇಕು. ಬರೀ ವಿನಿಮಯ ದರ ಸಾಲದು. ನಮ್ಮಲ್ಲಿ ಹಣ ಕಡಿಮೆ ಕೊಟ್ಟರೂ ತಲೆಗೆ 5 ಕಿಲೋ ಉಚಿತ ಧಾನ್ಯ ಇತ್ತು ಎಂಬುದನ್ನೂ ನ್ಯಾಯವಾಗಿ ಸೇರಿಸಬೇಕು. ರೇಶನ್ ಕಾರ್ಡು ಇಲ್ಲದ ಹೊರರಾಜ್ಯದವರಿಗೆ ಅದು ಹೇಗೆ ಸಿಕ್ಕಿತು, ಸಿಗಲಿಲ್ಲ ಎಂಬುದನ್ನು ಅಷ್ಟೇ ನ್ಯಾಯವಾಗಿ ಬರೆಯಬೇಕು.

ಬೇರೆಯವರು ಬಾಗಿಲು ಹಾಕಿದ್ದರಿಂದ ನಮಗೆ ಬಿದ್ದ ಪೆಟ್ಟು ಕೂಡ ಇದೆ. ಯುರೋಪು, ಅಮೆರಿಕದ ಅಂಗಡಿಗಳು ಮುಚ್ಚಿದಾಗ ಬಾಂಗ್ಲಾದೇಶದ ಸಿದ್ಧ ಉಡುಪಿನ ಕಾರ್ಖಾನೆಗಳು 300 ಕೋಟಿ ಡಾಲರಿಗೂ ಹೆಚ್ಚಿನ ಆರ್ಡರುಗಳ ರದ್ದತಿ ಅಥವಾ ತಡೆಯನ್ನು ಎದುರಿಸಿದವು. ನಮಗೆ ಇದರ ರೂಪ ಕೊಲ್ಲಿಯ ದುಡಿಮೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಹೊರಗಿನಿಂದ ಬರುವ ಹಣ 2020ರಲ್ಲಿ ನೂರಕ್ಕೆ 20ರಷ್ಟು ಕುಸಿಯುತ್ತದೆ ಎಂದು ವಿಶ್ವಬ್ಯಾಂಕ್ ಆ ವರ್ಷದ ಎಪ್ರಿಲ್‌ನಲ್ಲಿ ಅಂದಾಜಿಸಿತ್ತು. ನಿಜವಾಗಿ ಆದ ಇಳಿಕೆ ನೂರಕ್ಕೆ 2ರ ಆಸುಪಾಸು. ಹಾಗೆಂದು ದುಬೈಯ ಹೋಟೆಲಿನ ಕೆಲಸ ಕಳೆದುಕೊಂಡು ಮರಳಿದವರ ಮನೆಗೆ ಹಣ ಬಂತೆಂದು ಅರ್ಥವಲ್ಲ. ಕೆಲಸ ಉಳಿದವರು ಹೆಚ್ಚು ಕಳಿಸಿದರು, ಕೆಲಸ ಹೋದವರ ಮನೆಗೆ ಏನೂ ಬರಲಿಲ್ಲ, ಒಟ್ಟು ಮೊತ್ತದಲ್ಲಿ ಇವೆರಡೂ ಬೆರೆತುಹೋದವು. 2020ರಲ್ಲಿ ಸುಮಾರು 7 ಕೋಟಿ ಜನ ಹೊಸದಾಗಿ ಕಡುಬಡತನಕ್ಕೆ ಬಿದ್ದರು ಎಂಬ ವಿಶ್ವಬ್ಯಾಂಕಿನ ಅಂಕಿಯನ್ನೂ ಹೀಗೆಯೇ ನಿಮ್ಮ ಮನೆಗಳ ಪಕ್ಕದಲ್ಲಿಟ್ಟು ಓದಬೇಕು. ನಿಮ್ಮ ದಾಖಲೆಯಲ್ಲಿ ಬರುವ ಮನೆ ಕಡುಬಡತನದ ಗೆರೆಗಿಂತ ಮೇಲೆಯೇ ಉಳಿದು, ಉಳಿತಾಯವನ್ನೆಲ್ಲ ಕಳೆದುಕೊಂಡಿರಬಹುದು.

ಬರೆದು ಮುಗಿಸಿದ ಮೇಲೆ

ಪ್ರತಿ ಮನೆಗೂ ಒಂದೆರಡು ಪುಟ ಸಾಕು. ಮೊದಲು ದಿನಾಂಕ ಮತ್ತು ಮೊತ್ತ, ಆಮೇಲೆ ಅವರು ಹೇಳಿದ ಮಾತು, ಕೊನೆಗೆ ನಿಮ್ಮ ಅಭಿಪ್ರಾಯ. ಈ ಮೂರನ್ನೂ ಬೆರೆಸದೆ ಬೇರೆ ಬೇರೆಯಾಗಿ ಇಡಿ. ಹೆಸರು, ಮನೆಯ ಸ್ಥಳ ಗುರುತಾಗದಂತೆ ಬದಲಿಸಿ. ಹತ್ತು ಮನೆಗಳ ಊರಿನಲ್ಲಿ ಹೆಸರು ಬದಲಿಸಿದರೂ "ಇಬ್ಬರು ಹೆಣ್ಣುಮಕ್ಕಳಿರುವ ಬೋಟಿನ ಚಾಲಕ" ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಅಂತಹ ವಿವರಗಳನ್ನು ತೆಗೆಯಿರಿ.

ಬರೆದದ್ದನ್ನು ಆ ಮನೆಗೆ ಒಯ್ದು ಅವರ ಮಾತಿನಲ್ಲಿಯೇ ಓದಿ ಹೇಳಿ. ಆಗ ಕೆಲವರು ಮೊತ್ತಗಳನ್ನು ತಿದ್ದುತ್ತಾರೆ, ಕೆಲವರು ಒಂದು ಸಾಲನ್ನು ತೆಗೆಯಲು ಹೇಳುತ್ತಾರೆ, ಮೊದಲ ಸಲ ಹೇಳದೇ ಇದ್ದದ್ದನ್ನು ಕೆಲವರು ಆಗ ಹೇಳುತ್ತಾರೆ. ತೆಗೆಯಿರಿ ಎಂದದ್ದನ್ನು ಯಾವ ವಾದವೂ ಇಲ್ಲದೆ ತೆಗೆಯಬೇಕು. ಅವರ ಒಪ್ಪಿಗೆಯ ಸಹಿ ಪಡೆದ ಮೇಲೆ ಒಂದು ಪ್ರತಿಯನ್ನು ಆ ಮನೆಗೆ ಕೊಡಿ. ಎಲ್ಲ ಮನೆಗಳದ್ದನ್ನೂ ದಿನಾಂಕಪಟ್ಟಿಯ ಸಹಿತ ಹೊಲಿದು ಒಂದು ಪ್ರತಿಯನ್ನು ಗ್ರಾಮ ಪಂಚಾಯತಿನ ಗ್ರಂಥಾಲಯಕ್ಕೂ, ಇನ್ನೊಂದನ್ನು ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೂ ಸೇರಿಸಿ. ಕಾಗದಗಳ ಫೋಟೊಗಳನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳದೆ, ಒಂದು ಪೆನ್‌ಡ್ರೈವಿಗೆ ಹಾಕಿ ಗುಂಪಿನ ಹಿರಿಯರೊಬ್ಬರ ವಶಕ್ಕೆ ಕೊಡಿ. ಆ ಪೆನ್‌ಡ್ರೈವಿನ ಮೇಲೆ ಗ್ರಾಮದ ಹೆಸರು, ದಾಖಲಿಸಿದ ತಿಂಗಳು, ಯಾರ ಅನುಮತಿಯಿಲ್ಲದೆ ತೆರೆಯಬಾರದು ಎಂಬ ಮೂರು ವಿಷಯಗಳನ್ನು ಬರೆದು ಅಂಟಿಸಿ.